ಆನೆ ಮಲಗುವಷ್ಟು ಹೌಸಿಂಗ್

“ನಾನು ಟರ್ಬೊ ಕೂರಿಸಿದ ಕಾರು ಹೊರಟರೆ ಅದರ ನೆರಳು ಹಿಂದೆ ಉಳಿದು, ಸಂಜೆ ಹೊತ್ತಿಗೆ ಏದುಸಿರು ಬಿಡ್ತಾ ಗ್ಯಾರೇಜು ಸೇರುತ್ತೆ!” ಎನ್ನುತ್ತ ಮೆಕ್ಯಾನಿಕ್ ಭಾವ ಸೀಟ್ ಬೆಲ್ಟ್ ಎಳೆದುಕೊಂಡ. ಸ್ಟಿಯರಿಂಗ್ ಹಿಡಿದಿದ್ದ ನಾದಿನಿ ನಗಲಿಲ್ಲ. ಬರುವ ಭಾನುವಾರ ಇದೇ ಬೆಟ್ಟದ ತಿರುವುಗಳಲ್ಲಿ ಅವಳ ಮೊದಲ ರೇಸು. ಎಂಜಿನ್ನಿಗೆ ಗಾಳಿ ತುಂಬಿ ಬಲ ಕೊಡುವ ಟರ್ಬೊಗೆ ಬಸವನಹುಳುವಿನ ಚಿಪ್ಪಿನಂಥ ಹೊರಕವಚ, ಅಂದರೆ ಹೌಸಿಂಗ್, ಇರುತ್ತದೆ; ಅವಳು ಕೇಳಿದ್ದು ಚಿಕ್ಕದನ್ನು, ಎಂಜಿನ್ನಿನ ಹೊಗೆ ತಾಕಿದೊಡನೆ ಟರ್ಬೊ ಎಚ್ಚರಗೊಳ್ಳಲಿ ಎಂದು. ಭಾವ ಕೂರಿಸಿದ್ದು ಆನೆ ಮಲಗುವಷ್ಟು ದೊಡ್ಡದನ್ನು.

“ನೇರ ರಸ್ತೇಲಿ ಇದು ಬಿರುಗಾಳಿ, ಒಪ್ಪಿದೆ. ತಿರುವಲ್ಲಿ ತಡವಾಗಿ ಏಳುತ್ತೆ, ಭಾವ.”

“ತಡವಾ? ಕಣ್ಣು ಮಿಟುಕಿಸೋದ್ರೊಳಗೆ ಏಳುತ್ತೆ!”

“ಹಾಗಾದ್ರೆ ನೀವೊಂದು ಕಥೆ ಶುರು ಮಾಡಿ, ನಾನು ಆಕ್ಸಿಲರೇಟರ್ ಒತ್ತುತೀನಿ. ನಿಮ್ಮ ಕಥೆ ಮೊದಲು ಮುಗಿಯುತ್ತೋ, ಟರ್ಬೊ ಮೊದಲು ಏಳುತ್ತೋ ನೋಡೇಬಿಡೋಣ.”

ತಿರುವು ಬಂತು, ಅವಳು ಒತ್ತಿದಳು. ಹಿಂದೊಮ್ಮೆ ತನ್ನ ಕಾರನ್ನು ಹಿಡಿಯಲು ಹೆಲಿಕಾಪ್ಟರು ಬಂದದ್ದು, ಅದು ಸುಸ್ತಾಗಿ ಕೆಳಗಿಳಿದದ್ದು, ಪೈಲಟ್ ಕೈಮುಗಿದು ಲಿಫ್ಟ್ ಕೇಳಿದ್ದು, ಎಲ್ಲವನ್ನೂ ಭಾವ ಹೇಳಿದ. ಹುಟ್ಟಿದಾಗಿನಿಂದ ಒಂದು ಕಥೆಯನ್ನೂ ಪೂರ್ತಿ ಮುಗಿಸದ ಮನುಷ್ಯ ಅಂದು ಮುಗಿಸಿ, ನೀರಿನ ಬಾಟಲಿಯನ್ನೂ ಬಾಯಿಗೆತ್ತಿದ. ಆಗ ಎದ್ದಿತು ಟರ್ಬೊ. ಕಾರು ಚಂಗನೆ ನೆಗೆಯಿತು, ನೀರೆಲ್ಲ ಅವನ ಅಂಗಿಯ ಮೇಲೆ.

ಅವಳು ಓರೆಗಣ್ಣಿನಿಂದ ನೋಡಿದಳು.

“ಆಯ್ತು ತಾಯಿ, ನಿಜ ಹೇಳ್ತೀನಿ,” ಎಂದು ಭಾವ ಅಂಗಿ ಹಿಂಡಿಕೊಂಡ. “ಬೆಟ್ಟಕ್ಕೆ ಚಿಕ್ಕದೇ ಸರಿ, ಇವತ್ತೇ ಹಾಕ್ತೀನಿ. ಆದ್ರೆ ಚಿಕ್ಕದು ಹಾಕಿದೆ ಅಂದ್ರೆ ಯಾರು ಬಾಯಿ ಬಿಟ್ಕೊಂಡು ಕೇಳ್ತಾರೆ, ನೀನೇ ಹೇಳು?”