ಒಂದೇ ಕೋರ್

ಎಲ್ಲರ ಮನೆಗಳಲ್ಲಿರುವಂತೆ ಇಂದ್ರವ್ವನ ಮನೆಯ ನೆನಪುಗಳೂ ಪಡಸಾಲೆಯ ಸರ್ವರ್ ಪೆಟ್ಟಿಗೆಯಲ್ಲಿದ್ದವು. ಅವಳ ನೆನಪಿಗೆ ಒಂದು ಕೋರ್, ಗಂಡ ಫಕೀರಪ್ಪನ ನೆನಪಿಗೆ ಇನ್ನೊಂದು. ಬ್ಯಾಟರಿ ಪೂರ್ತಿ ತೀರಿದರೆ ಇಬ್ಬರ ನೆನಪೂ ಅಳಿಸಿಹೋಗುತ್ತಿತ್ತು. ಮೋಡ ಕವಿದು ಸೋಲಾರ್ ಸೋತಿದ್ದರಿಂದ, ಎರಡೂ ಸರದಿಯ ಮೇಲೆ, ಒಮ್ಮೆಗೆ ಒಂದೇ ಕೋರ್ ಎಚ್ಚರವಿರುವಂತೆ ಅವಳು ಹೊಂದಿಸಿದಳು. ಹೊಲದಲ್ಲಿ ಎತ್ತು ಹೂಡಿ, ಸಾಲಿನ ನಡುವಿನ ಕಳೆಗೆ ಎಡೆ ಹೊಡೆಯುವ ಅವನ ಕೈಗಳಿಗೆ ನೆನಪು ಬೇಕಿಲ್ಲ. ಗಂಡ ಬರುವುದರೊಳಗೆ ಮೊದಲಿನಂತೆ ಮಾಡಿದರಾಯಿತು ಎಂದುಕೊಂಡಳು.

ಅವನು ಅಂದು ಬೇಗನೇ ಬಂದ. ದಾರಿ ಬಲ್ಲ ಎತ್ತುಗಳು ಅಂಗಳದಲ್ಲಿ ನಿಂತವು. ಹಿಂದೆ ಅವನೂ ನಿಂತ.

“ಇದು ಯಾರ ಮನೀರೀ?”

“ನಿಮ್ದ ಐತ್ರೀ. ಎತ್ತಿಗಿರೋ ಬುದ್ಧಿ ನಿಮಗಿಲ್ಲ ನೋಡ್ರಿ,” ಎಂದು ನಗುತ್ತಾ ಅವಳು ಕಾಲಿಗೆ ನೀರು ತಂದಳು.

ಒಳಗೆ ಪೆಟ್ಟಿಗೆಯ ಫ್ಯಾನು ಗುಂಯ್ ಎಂದಿತು. ಅವನ ಮುಖದಲ್ಲಿ ಗುರುತು ಮೂಡಿತು.

“ಇಂದ್ರಾ! ಪೆಟ್ಟಿಗ್ಯಾಗ ಒಂದ ಕೋರ್ ಹಚ್ಚೀಯೇನು? ಹೋಗು, ಮೊದಲಿನ ಹಂಗ ಮಾಡು.”

ಅವಳು ತಂಬಿಗೆ ಹಿಡಿದೇ ನಿಂತಿದ್ದಳು. ಆಮೇಲೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಒಂದು ಹೆಜ್ಜೆ ಹಿಂದೆ ಸರಿದು, “ಯಾರ್ ಬೇಕಾಗಿತ್ರಿ?” ಎಂದಳು.

ಫಕೀರಪ್ಪ ಪಡಸಾಲೆಯತ್ತ ನೋಡಿದ. ಆ ಪೆಟ್ಟಿಗೆಯನ್ನು ಹೊಂದಿಸುವುದು ಅವಳಿಗೊಬ್ಬಳಿಗೇ ಗೊತ್ತಿತ್ತು.