ರಟ್ಟಿನ ಚೆಕ್ಕು

"ಫೋಟೊ ಆಯ್ತು, ಬಿಡಮ್ಮ," ಎಂದು ವೇದಿಕೆಯ ಮೇಲೆ ಕಾಲೇಜಿನ ಗುಮಾಸ್ತ ಗುರುಸ್ವಾಮಿ ಚೆಕ್ಕಿನ ತುದಿ ಹಿಡಿದು ಎಳೆದ. ದುರ್ಗಾಂಬಿಕಾ ಬಿಡಲಿಲ್ಲ. ಬಾಗಿಲಿನಷ್ಟು ದೊಡ್ಡ ಆ ರಟ್ಟಿನ ಚೆಕ್ಕಿನ ಮೇಲೆ 'ಐಟಿಐ ವಿದ್ಯಾರ್ಥಿಗಳಿಗೆ ಸರ್ಕಾರದ ಬೋಧನಾ ಶುಲ್ಕ ನೆರವು' ಎಂದು ಬರೆದಿತ್ತು. ಹೆಸರಿನ ಜಾಗ ಮಾತ್ರ ಖಾಲಿ. ಮುಂದಿನ ಹುಡುಗಿ ಅದಕ್ಕಾಗಿ ಕೈಚಾಚಿ ನಿಂತಿದ್ದಳು.

"ಕೊಡಮ್ಮ, ಸಾಹೇಬ್ರು ಹೊನ್ನಾಳಿಗೆ ಹೋಗ್ಬೇಕು. ಅಲ್ಲಿಗೂ ಇದೇ ಬೇಕು."

"ಹೋದ ವರ್ಷಾನೂ ಇದನ್ನೇ ಹಿಡ್ಕೊಂಡು ನಕ್ಕಿದ್ದೆ. ಪೇಪರ್‌ನಾಗೆ ಫೋಟೊ ಬಂತು, ಖಾತೆಗೆ ಒಂದು ಪೈಸಾನೂ ಬರ್ಲಿಲ್ಲ."

ಮೈಕು ಆನ್ ಆಗಿತ್ತು. ಅವಳ ಮಾತು ಜಗಳೂರಿನ ಆ ಸಭಾಂಗಣದ ಕೊನೆಯ ಕುರ್ಚಿಯವರೆಗೂ ಕೇಳಿತು. ಹಾರ ಹಾಕಿಸಿಕೊಂಡು ಕೂತಿದ್ದ ಸಾಹೇಬರು ಮೊಬೈಲ್ ನೋಡತೊಡಗಿದರು. ಗುರುಸ್ವಾಮಿ ಹಲ್ಲು ಕಚ್ಚಿ ಇನ್ನೊಮ್ಮೆ ಎಳೆದ. ವೆಲ್ಡಿಂಗ್ ಮಾಡಿ ಗಟ್ಟಿಯಾದ ಅವಳ ಕೈ ಅಲುಗಲಿಲ್ಲ. ಬೆಳಿಗ್ಗೆ ಇದೇ ಮನುಷ್ಯ ಕೌಂಟರಿನ ಹಿಂದೆ ಕೂತು, "ಸರ್ಕಾರದ ದುಡ್ಡು ಬರೋತಂಕ ಕಾಯಾಕೆ ಆಗಲ್ಲ. ಫೀಸು ಕಟ್ಟು, ಹಾಲ್ ಟಿಕೆಟ್ ತಗೊ," ಎಂದು ಅವಳನ್ನು ಗದರಿಸಿ ಕಳಿಸಿದ್ದ.

ಅವಳಿಗೆ ಸಿಟ್ಟು ನೆತ್ತಿಗೇರಿತು. ಚೆಕ್ಕನ್ನು ಎರಡೂ ಕೈಯಲ್ಲಿ ಎತ್ತಿ ಅವನ ಎದೆಗೆ ಒತ್ತಿದಳು.

"ತಗೊಳ್ರಿ ಸಾರ್, ನನ್ನ ಫೀಸು. ಎಲ್ಲರ ಎದುರಿಗೇ ಕಟ್ತಾ ಇದೀನಿ. ರಸೀದಿ ಕೊಡ್ರಿ."