ಕೊಟ್ರಪ್ಪನವರ ಹೊಸ ಮೊಣಕಾಲು

ಮೊಣಕಾಲು ಹಾಕಿಸಿಕೊಂಡ ಮರುದಿನವೇ ಕೊಟ್ರಪ್ಪನವರು ಕುರ್ಚಿಯಿಂದ ಏಳಲಾರದೆ ಕೂತರು. ಕೃತಕ ಅಂಗಗಳನ್ನು ನಡೆಸುವ ಡ್ರೈವರ್ ಸಾಫ್ಟ್‌ವೇರ್ ರಿಪೇರಿ ಮಾಡುವ ಶಾಹಿದಾ ಬಂದು, ಅವರ ಬೆನ್ನಿನ ಸಾಕೆಟ್ಟಿಗೆ ಲ್ಯಾಪ್‌ಟಾಪ್ ಸಿಕ್ಕಿಸಿ, ಅಂಗಗಳು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುವ ತಂತಿಯನ್ನು ಪರೀಕ್ಷಿಸಿದಳು. ಹೃದಯ ತನ್ನ ಪಾಡಿಗೆ ತಾನಿತ್ತು. ಮೊಣಕಾಲು ಮಾತ್ರ "ಏಳಲೇ? ಸಮತೋಲ ಸರಿಯಿದೆಯೇ?" ಎಂದು ಕಿವಿಯನ್ನು ಕೇಳುತ್ತಲೇ ಇತ್ತು. ಕಿವಿ ಓಗೊಡುತ್ತಿರಲಿಲ್ಲ. ಎಷ್ಟು ಹೊತ್ತು ಕಾಯಬೇಕೆಂದು ಡ್ರೈವರ್ ಬರೆದ ಪುಣ್ಯಾತ್ಮರು ಹೇಳಿರಲಿಲ್ಲ.

ಶಾಹಿದಾ ಕಿವಿ ಮುಟ್ಟಿ ತೋರಿಸಿದಳು. ಕೊಟ್ರಪ್ಪನವರು ಪೆಚ್ಚಾಗಿ ನಕ್ಕರು. "ನಮ್ಮನೆಯವ್ಳು ಬಾಯಿ ತೆಗೆದ್ರೆ ಆಫ್ ಮಾಡ್ಕೊಂತೀನಮ್ಮ. ಇಪ್ಪತ್ತು ವರ್ಷದಿಂದ ಹಿಂಗೇ. ಅವ್ಳಿಗೆ ಗೊತ್ತಿಲ್ಲ."

ಗುಟ್ಟಾಗಿ ಹೇಳಿದೆನೆಂದುಕೊಂಡಿದ್ದರು. ಕಿವಿ ಆಫ್ ಇದ್ದುದರಿಂದ ದನಿ ಏರಿ ಅದು ಅಡುಗೆಮನೆಗೂ ಕೇಳಿಸಿತು.

ಹೆಂಡತಿ ಗಿರಿಜಮ್ಮ ಸೌಟು ಹಿಡಿದೇ ಬಂದರು. ಶಾಹಿದಾ ಗಾಬರಿಯಿಂದ, "ಆಂಟಿ, ಡ್ರೈವರ್‌ಗೆ ಎರಡು ಸಾಲು ಸೇರಿಸಿದ್ರೆ ಸಾಕು, ಕಿವಿ ಆಫ್ ಇದ್ರೂ ಏಳ್ತಾರೆ" ಎಂದಳು.

"ಬ್ಯಾಡ ಬಿಡಮ್ಮ, ಹಂಗೇ ಇರ್ಲಿ. ನೀನು ಕಾಫಿ ಕುಡಿ."

ಗಿರಿಜಮ್ಮ ಗಂಡನೆದುರು ಸ್ಟೂಲು ಎಳೆದುಕೊಂಡು ಕೂತು, ಇಪ್ಪತ್ತು ವರ್ಷದ ಮಾತನ್ನು ಮೊದಲಿನಿಂದ ಶುರು ಮಾಡಿದರು. ಎದ್ದು ಹೋಗಬೇಕೆಂದರೂ ಕೊಟ್ರಪ್ಪನವರು ಈಗ ಮೊದಲು ಕಿವಿ ಆನ್ ಮಾಡಬೇಕಿತ್ತು.